ವಾಕೋವರ್

ಬಾಗಿಲು ತೆಗೆದವಳು ನಿಬಾಲ್ ಎಂದು ಕಂಡದ್ದೇ ಉಮ್ ಸಾಮಿಹ್ ಅಳುವುದನ್ನು ನಿಲ್ಲಿಸಿದಳು. ನಿಲ್ಲಿಸಬೇಕಾಗಿ ಬಂದದ್ದಕ್ಕೆ ಅವಳಿಗೆ ತುಸು ಸಿಟ್ಟು ಬಂದಂತಿತ್ತು.

"ನೀನು ಇದ್ದೀಯಾ?"

"ಇದ್ದೀನಿ, ಖಾಲ್ತಿ."

ಉಮ್ ಸಾಮಿಹ್ ಕೆಳಗಿನ ಮಹಡಿಯವಳು; ನೆಂಟಳಲ್ಲದಿದ್ದರೂ ಕರೆಯುವುದು ಖಾಲ್ತಿ, ಚಿಕ್ಕಮ್ಮ ಎಂದು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಖರ್ಜೂರದ ತಟ್ಟೆ. ಫ್ಲಾಸ್ಕಿನಲ್ಲಿ ಏನಿದೆಯೆಂದು ನಿಬಾಲಳಿಗೆ ಮೂಗಿನಿಂದಲೇ ಗೊತ್ತಾಯಿತು. ಸಾವಾದ ಮನೆಗೆ ಒಯ್ಯುವ, ಸಕ್ಕರೆ ಕಾಣದ ಕಾಫಿ.

"ಚೌಕದಲ್ಲಿ ನಿನ್ನ ಚಿತ್ರ ಅಂಟಿಸಿದ್ದಾರಲ್ಲೇ! ರೊಟ್ಟಿ ತರೋಕೆ ಹೋದೋಳು ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ರೊಟ್ಟೀನೂ ತರಲಿಲ್ಲ."

"ಅದು ಪದಕದ್ದು, ಖಾಲ್ತಿ. ಅಮ್ಮಾನಿನಲ್ಲಿ ಕಂಚು ಬಂತಲ್ಲ. ಕ್ಲಬ್ಬಿನವರು ಹಾಕಿಸಿದ್ದು."

"ಪದಕ ಎಲ್ಲಿದೆ ಅದರಲ್ಲಿ? ನನಗೇನೂ ಕಾಣಲಿಲ್ಲ. ಹಿಂದೆ ಚಿನ್ನದ ಗುಮ್ಮಟ, ಪಕ್ಕದಲ್ಲಿ ಬಾವುಟ, ನಡುವೆ ನೀನು ನಗ್ತಾ ಇದ್ದೀಯ. ಆ ಕಡೆ ಈ ಕಡೆ ಇರೋ ಹುಡುಗರೆಲ್ಲ ಗುಂಡಿಗೆ ಹೋದವರೇ. ನಾನು ಇನ್ನೇನು ಅಂದ್ಕೋಬೇಕು, ಹೇಳು?"

ಅಡುಗೆಮನೆಯಿಂದ ತಾಯಿ ಬಂದಳು. ಗಂಡುಮಕ್ಕಳಿಲ್ಲದ್ದರಿಂದ ಊರವರೆಲ್ಲ ಅವಳನ್ನು ಉಮ್ ನಿಬಾಲ್, ನಿಬಾಲಳ ಅಮ್ಮ, ಎಂದೇ ಕರೆಯುವುದು. ಬೆಳಗಿನಿಂದ ಆಗಲೇ ಮೂರು ಮನೆಗಳಿಂದ ಫೋನು ಬಂದಿತ್ತು. ಪ್ರತಿ ಸಲವೂ ಅವಳು, "ಇಲ್ಲಪ್ಪ, ಒಳಗೆ ಹಲ್ಲುಜ್ಜುತ್ತಾ ಇದ್ದಾಳೆ," ಎಂದು ಹೇಳಿದ್ದಳು. ಆದರೆ ಮೂರನೆಯ ಫೋನಿನ ನಂತರ ಹೋಗಿ ತಲೆವಸ್ತ್ರ ಬದಲಾಯಿಸಿ ಒಳ್ಳೆಯದನ್ನು ಕಟ್ಟಿಕೊಂಡಿದ್ದನ್ನು ನಿಬಾಲ್ ನೋಡಿದ್ದಳು.

"ಬಂದವರನ್ನ ಬಾಗಿಲಲ್ಲಿ ನಿಲ್ಲಿಸ್ತಾರೇನೇ?" ಎಂದು ತಾಯಿ ಮಗಳನ್ನೇ ಗದರಿದಳು. "ಬಾ, ಉಮ್ ಸಾಮಿಹ್, ಕೂತ್ಕೋ."

"ತಂದಿದ್ದನ್ನ ವಾಪಸ್ ಒಯ್ಯೋದು ಒಳ್ಳೇದಲ್ಲ," ಎಂದು ಉಮ್ ಸಾಮಿಹ್ ಕೂತಳು.

ಮೂವರೂ ಸಣ್ಣ ಬಟ್ಟಲುಗಳಲ್ಲಿ ನಿಬಾಲಳ ಸಾವಿನ ಕಾಫಿ ಕುಡಿದರು. ಚೆನ್ನಾಗಿ ಕುದಿಸಿದ್ದಳು, ಏಲಕ್ಕಿ ಬೇರೆ ಹಾಕಿದ್ದಳು. ಬಟ್ಟಲು ಕೆಳಗಿಡುವಾಗ ಉಮ್ ಸಾಮಿಹ್ ಅಭ್ಯಾಸಬಲದಿಂದ, "ದೇವರು ಅವಳ ಮೇಲೆ ಕರುಣೆ ಇಡಲಿ," ಎಂದಳು. ಆಮೇಲೆ ನಾಲಗೆ ಕಚ್ಚಿಕೊಂಡು, "ಇರೋರ ಮೇಲೂ ಇಡಲಿ, ಅದರಲ್ಲೇನು ತಪ್ಪು?" ಎಂದು ಸೇರಿಸಿದಳು.

"ಸರಿ, ಹೇಳು," ಎಂದಳು ಖರ್ಜೂರದ ಬೀಜ ತೆಗೆಯುತ್ತ. "ಅಮ್ಮಾನಿನಲ್ಲಿ ಎಷ್ಟು ಜನಕ್ಕೆ ಒದ್ದೆ?"

"ಯಾರಿಗೂ ಇಲ್ಲ."

ಇಬ್ಬರು ಹೆಂಗಸರೂ ನಕ್ಕರು. ಹುಡುಗಿಗೆ ಜಂಬವಿಲ್ಲ ಎಂದು ಉಮ್ ಸಾಮಿಹ್ ತಾಯಿಯನ್ನು ಅಭಿನಂದಿಸಿದಳು.

ನಿಬಾಲ್ ಹೇಳಿದ್ದು ನಿಜವಾಗಿತ್ತು.

ಅಮ್ಮಾನಿನಲ್ಲಿ ಮೊದಲ ಸುತ್ತಿನಲ್ಲಿ ಅವಳಿಗೆ ಎದುರಾಳಿಯೇ ಇರಲಿಲ್ಲ; ಚೀಟಿ ಎತ್ತಿದಾಗ ಹಾಗೆ ಬಂತು. ಎರಡನೆಯ ಸುತ್ತಿನ ಇರಾಕಿ ಹುಡುಗಿ ತೂಕದ ಹೊತ್ತಿಗೆ ಮುನ್ನೂರು ಗ್ರಾಂ ಹೆಚ್ಚಿದ್ದು ಅನರ್ಹಳಾದಳು. ನಿಬಾಲ್ ನೀಲಿ ಎದೆಗವಚ, ಶಿರಸ್ತ್ರಾಣ ಕಟ್ಟಿಕೊಂಡು ಚಾಪೆಯ ಮೇಲೆ ಒಬ್ಬಳೇ ನಿಂತಳು. ರೆಫರಿ ಕೆಂಪು ಕಡೆಯವಳನ್ನು ಮೂರು ಸಲ ಕರೆದು ನಿಬಾಲಳ ಕೈ ಎತ್ತಿದ. ಅಷ್ಟಕ್ಕೇ ಸೆಮಿಫೈನಲ್, ಅಷ್ಟಕ್ಕೇ ಕಂಚು ಖಚಿತ. ಟೇಕ್ವಾಂಡೋ ಆಟದಲ್ಲಿ ಸೆಮಿಯಲ್ಲಿ ಸೋತವರಿಬ್ಬರಿಗೂ ಕಂಚು ಕೊಡುತ್ತಾರೆ.

ಸೆಮಿಯ ಎದುರಾಳಿ ಉಜ್ಬೆಕಿಸ್ತಾನದವಳು. ಅವಳು ಮೈ ಬಿಸಿ ಮಾಡಿಕೊಳ್ಳುವುದನ್ನು ನಿಬಾಲ್ ಮೂಲೆಯಲ್ಲಿ ನಿಂತು ನೋಡಿದ್ದಳು. ಕಾಲು ಎತ್ತಿದ್ದು ಕಾಣುತ್ತಿರಲಿಲ್ಲ. ಗುರಿಹಲಗೆಗೆ ಬಡಿದ ಸದ್ದು ಮಾತ್ರ ಕೇಳುತ್ತಿತ್ತು. ಆ ಒದೆ ತನಗೆ ಬೀಳಬೇಕು ಎಂದು ನಿಬಾಲಳಿಗೆ ಒಮ್ಮೆಲೇ ಅನ್ನಿಸಿತು. ಹಸಿವಿನ ಹಾಗೆ ಅನ್ನಿಸಿತು.

ಅಂದು ಶುಕ್ರವಾರ. ಶುಕ್ರವಾರ ನಬ್ಲುಸಿನ ಕಡೆಗೆ ದಾಟುವ ಗಡಿಯ ಸೇತುವೆ ಬೇಗ ಮುಚ್ಚುತ್ತದೆ, ಶನಿವಾರ ತೆರೆಯುವುದೇ ಇಲ್ಲ.

"ಸೆಮಿಯಲ್ಲಿ ಸೋತರೂ ಕಂಚೇ, ಆಡದಿದ್ರೂ ಕಂಚೇ," ಎಂದಿದ್ದರು ಕ್ಯಾಪ್ಟನ್ ಬಸ್ಸಾಮ್, ಅವಳ ತರಬೇತುದಾರ, ಚೀಲದ ಜಿಪ್ ಎಳೆಯುತ್ತ. "ಇವತ್ತು ದಾಟದಿದ್ರೆ ಭಾನುವಾರದವರೆಗೂ ಇಲ್ಲೇ. ನಡಿ ಮಗಳೇ, ಟ್ಯಾಕ್ಸಿ ನಿಂತಿದೆ."

"ಗೆದ್ದರೆ?"

"ಗೆದ್ದರೆ ಇನ್ನೂ ಕಷ್ಟ. ಫೈನಲ್ ಸಂಜೆ ಇದೆ."

ಟ್ಯಾಕ್ಸಿ ಕಣಿವೆಗೆ ಇಳಿಯುತ್ತಿದ್ದಾಗ ಉಜ್ಬೆಕ್ ಹುಡುಗಿ ಚಾಪೆಯ ಮೇಲೆ ಒಬ್ಬಳೇ ನಿಂತಿದ್ದಿರಬೇಕು. ನಿಬಾಲಳ ಹೆಸರನ್ನು ಮೂರು ಸಲ ಕರೆದಿರಬೇಕು.

ನಿಬಾಲ್ ಫಾರ್ಮಸಿ ಓದಿದವಳು. ಔಷಧದ ಡಬ್ಬಿಯೊಳಗಿನ ಕಾಗದವನ್ನು ಓದುವ ಹಾಗೆ ತನ್ನನ್ನು ಓದಿಕೊಳ್ಳುವ ಅಭ್ಯಾಸ ಅವಳಿಗಿತ್ತು. ಉಪಯೋಗ, ಪ್ರಮಾಣ, ಅಡ್ಡಪರಿಣಾಮ. ಮೂರು ವರ್ಷ ರಾಷ್ಟ್ರೀಯ ಚಾಂಪಿಯನ್; ಆ ತೂಕಕ್ಕೆ ಹೆಸರು ಕೊಡುವವರು ಇಬ್ಬರೇ. ಮೂರು ವರ್ಷವೂ ಫೈನಲಿನ ಎದುರಾಳಿ ಖಾನ್ ಯೂನಿಸಿನ ಸುಜೂದ್. ಮೂರು ವರ್ಷವೂ ಗಾಜಾದಿಂದ ಹೊರಬರಲು ಸುಜೂದಳಿಗೆ ಪರವಾನಗಿ ಸಿಗಲಿಲ್ಲ. ರಾಮಲ್ಲಾದ ಸಭಾಂಗಣದಲ್ಲಿ ರೆಫರಿ ಖಾಲಿ ಚಾಪೆಯ ಕಡೆ ನೋಡಿ ಆ ಹೆಸರು ಕೂಗುವುದು, ಕಾಯುವುದು, ನಿಬಾಲಳ ಕೈ ಎತ್ತುವುದು ವರ್ಷಕ್ಕೊಂದು ಹಬ್ಬದಂತಾಗಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ಫೋನಿನಲ್ಲಷ್ಟೇ ಬಲ್ಲರು. ಕೊನೆಯ ಸಲ ಸುಜೂದ್ ಕಳಿಸಿದ್ದ ಧ್ವನಿಸಂದೇಶ ನಿಬಾಲಳ ಬಳಿ ಇನ್ನೂ ಇತ್ತು. "ಏ ನಬ್ಲುಸಿನ ಸೋಮಾರಿ, ಈ ಸಲಾನೂ ನಿಂತಲ್ಲೇ ಗೆದ್ಯಾ? ಬೆವರಾದ್ರೂ ಬಂತಾ? ಇರು, ನಾನು ಬಂದ ದಿನ ನಿನ್ನ ಹಲ್ಲು ನೀನೇ ಹುಡುಕ್ಕೋಬೇಕು."

ಆಮೇಲೆ ಯುದ್ಧ. ನಿಬಾಲ್ ಕಳಿಸಿದ ಸಂದೇಶಗಳ ಪಕ್ಕದಲ್ಲಿ ಒಂದೇ ಗೀಟು ನಿಂತಿದೆ. ತಲುಪಿತೆನ್ನುವ ಎರಡನೆಯದು ಬಿದ್ದಿಲ್ಲ. ಸುಜೂದಳ ಚಿತ್ರ ಅಲ್ಲಿ ಯಾವ ಗೋಡೆಯ ಮೇಲಾದರೂ ಇದೆಯೇ, ಗೋಡೆಯಾದರೂ ಇದೆಯೇ, ಗೊತ್ತಿಲ್ಲ.

ಚೌಕದಲ್ಲಿ, ಗೋಡೆಯ ಮೇಲಿನ ನಿಬಾಲಳ ಮುಖದ ಮುಂದೆ ಒಬ್ಬ ಮುದುಕ ಅಂಗೈಗಳನ್ನು ಬಿಚ್ಚಿ ನಿಂತಿದ್ದ. ತುಟಿಗಳು ಅಲುಗುತ್ತಿದ್ದವು. ನಿಬಾಲ್ ಕ್ಲಬ್ಬಿಗೆ ಹೋಗುತ್ತಿದ್ದವಳು ನಿಂತಳು. ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಅಮರ್ಯಾದೆ ಅನ್ನಿಸಿ ತಾನೂ ಅಂಗೈ ಬಿಚ್ಚಿದಳು. ಸತ್ತವರಿಗೆ ಓದುವ ಫಾತಿಹಾ ಬಾಯಿಗೆ ತಾನಾಗಿಯೇ ಬಂತು. ಮುಗಿದ ಮೇಲೆ ಇಬ್ಬರೂ ಮುಖ ಸವರಿಕೊಂಡರು.

"ಯಾರ ಮನೆ ಹುಡುಗಿ?" ಮುದುಕ ಕೇಳಿದ.

"ಇದೇ ಕಡೆಯವಳು, ಅಜ್ಜಾ."

"ನಿನಗೆ ಪರಿಚಯ ಇತ್ತಾ?"

"ಅಷ್ಟೇನಿಲ್ಲ."

"ಬಿಳಿ ಬಟ್ಟೆ ಹಾಕಿದಾಳೆ. ನರ್ಸಾ?"

"ಇರಬೇಕು."

"ನರ್ಸುಗಳನ್ನೂ ಬಿಡಲ್ಲ," ಎಂದ ಮುದುಕ. ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ ಸಿಗರೇಟು ಹಚ್ಚಿದ. ಚಿತ್ರವನ್ನೂ ಅವಳನ್ನೂ ನೋಡಿದ. "ಸ್ವಲ್ಪ ನಿನ್ನ ಹಾಗೇ ಇದಾಳೆ."

ನಿಬಾಲ್ ಒಂದು ಹೆಜ್ಜೆ ಅವನ ಹತ್ತಿರ ಬಂದಳು. ಹೇಳಿಬಿಡಲೇ ಎಂದುಕೊಂಡಳು. ಬಾಯಿ ತೆರೆದಳು.

"ಇಲ್ಲ," ಎಂದ ಮುದುಕ ಇನ್ನೊಮ್ಮೆ ನೋಡಿ. "ಅವಳು ಲಕ್ಷಣವಾಗಿದ್ದಳು."

ಕ್ಲಬ್ಬು ಇರುವುದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿ. ಸಂಜೆ ನಾಲ್ಕಕ್ಕೆ ಸನ್ಮಾನ. ಕ್ಯಾಪ್ಟನ್ ಕುರ್ಚಿಗಳನ್ನು ಎಣಿಸುತ್ತಿದ್ದರು. ಅವಳನ್ನು ಕಂಡು ಎರಡೂ ಕೈ ಎತ್ತಿದರು.

"ಗೊತ್ತು, ಗೊತ್ತು, ಬೈಬೇಡ. ಅಬು ರಾಮಿಗೆ ನಿನ್ನೆ ಸಂಜೆ ಹೇಳಿದ್ದು, ಬೆಳಿಗ್ಗೆ ಅಂಟಿಸಬೇಕು ಅಂತ. ಅವನ ಪ್ರೆಸ್ಸಿನಲ್ಲಿ ಯಾವಾಗಲೂ ಸಿದ್ಧ ಇರೋ ನಮೂನೆ ಅದೊಂದೇ, ಹುತಾತ್ಮರದು. ನಿನ್ನ ಫೋಟೋ ಅದರೊಳಗೆ ಕೂರಿಸಿದಾನೆ."

"ಪದಕ?"

"ಬಾವುಟದ ಕೆಳಗೆ ಹೋಯ್ತು. ಬರೆದಿದಾನಲ್ಲ, ಕಂಚು ಅಂತ. ಕೆಳಗಡೆ. ಸಣ್ಣದಾಗಿ."

"ತೆಗೆಸಿ, ಕ್ಯಾಪ್ಟನ್."

ಅವರು ಅವಳನ್ನು ಮಗುವನ್ನು ನೋಡುವಂತೆ ನೋಡಿದರು. "ಆ ಗೋಡೆಯಿಂದ ಯಾರದಾದ್ರೂ ಚಿತ್ರ ಹರಿದಿದ್ದು ನೋಡಿದೀಯಾ ನೀನು? ಕೈ ಹಚ್ಚಿದವನ ಕೈ ಮುರೀತಾರೆ. ಬಿಸಿಲಿಗೆ, ಮಳೆಗೆ ತಾನಾಗಿ ಹೋಗಬೇಕು ಅದು. ಅಥವಾ ಅದರ ಮೇಲೆ ಇನ್ನೊಬ್ಬರದು ಬರಬೇಕು." ಸಾಲು ಸರಿಮಾಡುತ್ತ, "ಬರುತ್ತೆ," ಎಂದರು ಸಮಾಧಾನ ಮಾಡುವ ಧ್ವನಿಯಲ್ಲಿ.

ನಿಬಾಲ್ ಕುರ್ಚಿಯೊಂದರ ಮೇಲೆ ಕೂತಳು. ರಾತ್ರಿಯಿಡೀ ಹೊಂದಿಸಿಕೊಂಡು ಬಂದ ಮಾತು ಈಗ ಚೂರುಚೂರಾಗಿ ಬಂತು.

"ಏಷ್ಯನ್ ಪಂದ್ಯಕ್ಕೆ ಹೆಸರು ಯಾವಾಗ ಕಳಿಸ್ತೀರಿ?"

"ಇವತ್ತು ಕಾರ್ಯಕ್ರಮ ಮುಗಿದ ಕೂಡಲೆ. ಯಾಕೆ?"

"ಇವತ್ತು ಲಮಾರ್ ಜೊತೆ ಪ್ರದರ್ಶನ ಪಂದ್ಯ ಇದೆಯಲ್ಲ. ಅದನ್ನ ನಿಜವಾಗಿ ಆಡಿಸಿ."

"ಅಂದ್ರೆ?"

"ಅವಳು ನನಗೆ ಹೊಡೀಲಿ. ನಾನು ಅವಳಿಗೆ ಹೊಡೀತೀನಿ. ಗೆದ್ದವರ ಹೆಸರು ಕಳಿಸಿ."

ಕ್ಯಾಪ್ಟನ್ ಕುರ್ಚಿ ಎಣಿಸುವುದನ್ನು ಬಿಟ್ಟರು. "ನಿನಗೆ ಜ್ವರ ಬಂದಿದೆಯಾ? ಲಮಾರ್ ಇನ್ನೂ ಶಾಲೆ ಹುಡುಗಿ."

"ಅವಳು ನನಗಿಂತ ಚುರುಕು. ಅಥವಾ ಅಲ್ಲ. ನನಗೆ ಗೊತ್ತಿಲ್ಲ. ಅದೇ ನಾನು ಹೇಳ್ತಿರೋದು. ಮೂರು ವರ್ಷದಿಂದ ನನಗೆ ಎಣಿಕೆಗೆ ಸೇರೋ ಒಂದು ಪಂದ್ಯ ಇಲ್ಲ, ಕ್ಯಾಪ್ಟನ್. ನಾನು ಆಡ್ತೀನೋ ಇಲ್ವೋ ಅನ್ನೋದು ನಿಮಗಾದರೂ ಗೊತ್ತಾ?"

"ನೀನು ಚಾಂಪಿಯನ್ನು. ಗೋಡೆ ಮೇಲೆ ಬರೆದಿದೆ."

"ಕ್ಯಾಪ್ಟನ್."

"ನೋಡಮ್ಮಾ, ಪುರಸಭೆಯವರು ಬರ್ತಾರೆ, ಶಾಲೆ ಮಕ್ಕಳು ಬರ್ತಾರೆ, ನಿನ್ನ ತಾಯಿ ಮುಂದಿನ ಸಾಲಲ್ಲಿ ಕೂತಿರ್ತಾಳೆ. ಅವರೆದುರು ನಿನ್ನ ಮೂಗಲ್ಲಿ ರಕ್ತ ಬಂದ್ರೆ ಚೆನ್ನಾಗಿರುತ್ತಾ?"

"ಚೆನ್ನಾಗಿರುತ್ತೆ."

ಅವರು ನಕ್ಕರು. ಅವಳು ನಗಲಿಲ್ಲ. ಅವಳ ಮುಖದಲ್ಲಿ ಏನು ಕಂಡರೋ, ಫೋನನ್ನು ಜೇಬಿಗೆ ಹಾಕಿ, ಕತ್ತು ಕೆರೆದುಕೊಂಡು, "ಆಗಲಿ," ಎಂದರು. "ಆಗಲಿ, ಆಗಲಿ. ನಿಜವಾಗೇ ಆಡಿಸೋಣ."

ಒಂದು 'ಆಗಲಿ' ಸಾಕಾಗಿತ್ತು. ಮೂರು ಸಲ ಹೇಳಿದ್ದರಿಂದ ಅವಳಿಗೆ ಸಂಶಯ ಬಂತು. ಆದರೂ ಮೆಟ್ಟಿಲಿಳಿಯುವಾಗ ಅವಳಲ್ಲಿ ಬಹಳ ದಿನಗಳಿಂದ ಕಾಣದಿದ್ದ ಒಂದು ಹೆದರಿಕೆ ಮೂಡಿತ್ತು. ಎದುರಾಳಿ ಇರುವವರಿಗೆ ಮಾತ್ರ ಆಗುವ ಹೆದರಿಕೆ. ಅದನ್ನು ಒಡೆಯದಂತೆ ಜೋಪಾನವಾಗಿ ಮನೆಗೆ ಒಯ್ದಳು. ಮಧ್ಯಾಹ್ನ ತಾಯಿ ಬಡಿಸಿದ್ದನ್ನು ಮುಟ್ಟಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಲಮಾರ್ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಉದ್ದ ಕಾಲಿನ, ಬಾಯಿಗೆ ಬಿಡುವಿಲ್ಲದ ಹುಡುಗಿ.

"ಅಕ್ಕಾ! ನೀವು ಸತ್ತುಹೋದ್ರಿ ಅಂತ ನಮ್ಮಜ್ಜಿ ಬೆಳಿಗ್ಗೆಯಿಂದ ನಾಷ್ಟಾನೇ ಮಾಡಿಲ್ಲ. ಬದುಕಿದಾರೆ ಅಂದ್ರೆ ನನಗೇ ಬೈತಾಳೆ, 'ಗೋಡೆ ಸುಳ್ಳು ಹೇಳುತ್ತಾ?' ಅಂತ. ಅಮ್ಮ ಅಂತೂ ನಿಮ್ಮ ಚಿತ್ರಕ್ಕೆ ಮುತ್ತು ಕೊಟ್ಟು ಬಂದಿದಾಳೆ."

"ಲಮಾರ್, ಕೇಳು. ಇವತ್ತು ಕ್ಯಾಪ್ಟನ್ ನಿನಗೇನು ಹೇಳಿದರು?"

ಹುಡುಗಿ ಪಟ್ಟಿಯ ತುದಿಯನ್ನು ಹಲ್ಲಿನಿಂದ ಕತ್ತರಿಸಿದಳು. "ಏನೂ ಇಲ್ಲ. ಚೆನ್ನಾಗಿ ಆಡು ಅಂದ್ರು."

"ಚೆನ್ನಾಗಿ ಅಂದ್ರೆ ಹೇಗೆ?"

"ಚೆನ್ನಾಗಿ ಅಂದ್ರೆ ಚೆನ್ನಾಗಿ, ಅಕ್ಕಾ."

"ನನಗೆ ಹೊಡೀಬೇಕು ನೀನು. ಪೂರ್ತಿ ಜೋರಾಗಿ. ತಲೆಗೆ. ಗೊತ್ತಾಯ್ತಾ? ನೀನು ಗೆದ್ದರೆ ಏಷ್ಯನ್ ಪಂದ್ಯಕ್ಕೆ ನೀನೇ ಹೋಗೋದು."

"ನಿಮಗೆ ಹೊಡೆದು ನಾನು ಮನೆಗೆ ಹೋಗೋಕಾಗುತ್ತಾ? ಅಜ್ಜಿ ಬಾಗಿಲೇ ತೆಗೆಯಲ್ಲ."

"ಆಣೆ ಮಾಡು."

ಲಮಾರ್ ಅವಳನ್ನೇ ನೋಡಿದಳು. ಕಣ್ಣಲ್ಲಿ ಒಂದು ಮಿಂಚು ಬಂದು ಹೋಯಿತು, ಆಸೆಯೋ, ಅನುಕಂಪವೋ. "ವಲ್ಲಾಹಿ, ಹೊಡೀತೀನಿ," ಎಂದಳು.

ಸಭಾಂಗಣ ತುಂಬಿತ್ತು. ತಾಯಿ ಮುಂದಿನ ಸಾಲಿನಲ್ಲಿ ಪುರಸಭೆಯ ಅಧಿಕಾರಿಯ ಹೆಂಡತಿಯ ಪಕ್ಕದಲ್ಲಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಹೆಗಲು ಒತ್ತಿ ಹೋಗುತ್ತಿದ್ದರು. ಅವಳು ಎಲ್ಲರಿಗೂ ತಲೆ ಬಾಗಿಸುತ್ತಿದ್ದಳು, ಯಾವುದಕ್ಕೆ ಎಂದು ಕೇಳದೆ. ಬೆಳಗಿನಿಂದ ಈ ಹೊತ್ತಿನೊಳಗೆ ಅವಳ ಬೆನ್ನು ನೆಟ್ಟಗಾಗಿತ್ತು.

ಅಧಿಕಾರಿ ಮಾತಾಡಿದ. ಅವನಿಗೆ ಭಾಷಣ ಒಂದೇ ಬರುತ್ತಿತ್ತು. ಕಳೆದ ವಾರ ಸ್ಮಶಾನದಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಿದ. ಈ ಮಣ್ಣು, ಈ ತಾಯಂದಿರು, ಎಂದೂ ಬಾಡದ ನಗು. ನಡುನಡುವೆ ನಿಬಾಲಳ ಕಡೆ ಕಣ್ಣು ಬಿದ್ದಾಗ ಸ್ವಲ್ಪ ತಡವರಿಸುತ್ತಿದ್ದ. ಅವಳು ಎದುರಿಗೇ ಕೂತಿರುವುದು ಭಾಷಣಕ್ಕೆ ಅಡ್ಡಿಯಾಗಿತ್ತು. ಕೊನೆಗೆ ಎಲ್ಲರೂ ಒಂದು ನಿಮಿಷ ಎದ್ದು ನಿಂತರು. ನಿಬಾಲಳೂ ಎದ್ದಳು.

ಸಂಭ್ರಮಕ್ಕೆ ಹಂಚುವ ಸಿಹಿ, ಕುನಾಫೆಯ ದೊಡ್ಡ ತಟ್ಟೆ ಬಂತು. ಅದರ ಹಿಂದೆಯೇ ಯಾರೋ ತಂದಿದ್ದ ಕಹಿ ಕಾಫಿಯೂ ಬಂತು. ಜನ ಎರಡನ್ನೂ ತೆಗೆದುಕೊಂಡರು.

ಚಾಪೆ ಹಾಸಿದರು. ನಿಬಾಲಳಿಗೆ ನೀಲಿ, ಲಮಾರಳಿಗೆ ಕೆಂಪು. ಒದೆ ಬಿದ್ದರೆ ಅಂಕ ತಾನಾಗಿ ದಾಖಲಾಗುವ ಎದೆಗವಚದ ಬ್ಯಾಟರಿ ಕ್ಲಬ್ಬಿನಲ್ಲಿ ಸತ್ತು ಬಹಳ ದಿನವಾಗಿತ್ತು. ಹಾಗಾಗಿ ಕ್ಯಾಪ್ಟನ್ ತಾವೇ ಕಂಪ್ಯೂಟರಿನ ಮುಂದೆ ಕೂತು ಅಂಕ ಒತ್ತುವುದೆಂದಾಯಿತು. ಗೋಡೆಯ ಮೇಲೆ ದೊಡ್ಡ ಸೊನ್ನೆಗಳೆರಡು ಬೆಳಗಿದವು.

ನಿಬಾಲ್ ಎದುರಿಗೆ ನೋಡಿದಳು. ಚಾಪೆಯ ಆ ಬದಿಯಲ್ಲಿ ಒಬ್ಬಳು ನಿಂತಿದ್ದಳು. ಉಸಿರಾಡುತ್ತಿದ್ದಳು, ಪಾದದ ಮೇಲೆ ಪುಟಿಯುತ್ತಿದ್ದಳು.

"ಶಿಜಾಕ್!" ಎಂದು ರೆಫರಿ ಶುರುಮಾಡಲು ಕೈ ಬೀಸಿದ.

ಇಬ್ಬರೂ ಸುತ್ತಿದರು. ನಿಬಾಲ್ ಒಂದು ಹೆಜ್ಜೆ ಮುಂದಿಟ್ಟಳು. ಲಮಾರ್ ಎರಡು ಹೆಜ್ಜೆ ಹಿಂದೆ ಸರಿದು ಕಂಪ್ಯೂಟರಿನ ಕಡೆ ನೋಡಿದಳು.

"ಅಲ್ಲಿ ನೋಡಬೇಡ," ಎಂದಳು ನಿಬಾಲ್ ಮೆಲ್ಲಗೆ. "ಇಲ್ಲಿ. ನನ್ನನ್ನ ನೋಡು. ಹೊಡಿ."

ಎರಡೂ ಕೈ ಕೆಳಗೆ ಬಿಟ್ಟು ಮುಖ ತೆರೆದು ನಿಂತಳು.

ಲಮಾರಳ ಸೊಂಟ ತಿರುಗಿತು. ಕಾಲು ಎದ್ದಿತು. ಅದು ಎದ್ದ ಬಗೆಯಲ್ಲಿ ತಪ್ಪಿರಲಿಲ್ಲ, ಅನುಮಾನವಿರಲಿಲ್ಲ. ಉಜ್ಬೆಕ್ ಹುಡುಗಿಯ ಕಾಲಿನಷ್ಟೇ ನಿಜವಾಗಿತ್ತು. ಬರುತ್ತಿದೆ ಎಂದು ನಿಬಾಲಳ ಮೈಯೆಲ್ಲ ಹೇಳಿತು. ಅವಳು ಕಣ್ಣು ಮುಚ್ಚಲಿಲ್ಲ.

ಪಾದ ಅವಳ ಕೆನ್ನೆಯಿಂದ ಒಂದು ಬೆರಳು ದೂರದಲ್ಲಿ ನಿಂತಿತು. ಗಾಳಿ ತಾಗಿತು. ಆಮೇಲೆ ಪಾದ ಮೆಲ್ಲಗೆ, ಮಲಗಿದ ಮಗುವಿನ ಪಕ್ಕದಿಂದ ಎದ್ದು ಹೋಗುವವರಂತೆ, ಹಿಂದಕ್ಕೆ ಹೋಯಿತು. ಲಮಾರ್ ಎದೆ ಹಿಡಿದುಕೊಂಡು ಒಂದು ಸುತ್ತು ಸುತ್ತಿ ದೊಪ್ಪನೆ ಬಿದ್ದಳು.

ಹೆಂಗಸರು ನಾಲಗೆ ಹೊರಳಿಸಿ ಉಲಿದರು. ಮಕ್ಕಳು ಕುರ್ಚಿಗಳ ಮೇಲೆ ಹತ್ತಿದರು.

"ಏಳು," ಎಂದಳು ನಿಬಾಲ್ ಬಗ್ಗಿ. "ನಾನು ನಿನ್ನ ಮುಟ್ಟೇ ಇಲ್ಲ. ಆಣೆ ಮಾಡಿದ್ದೆಯಲ್ಲೇ?"

ಲಮಾರ್ ತುಟಿ ಅಲುಗಿಸದೆ ಹೇಳಿದಳು. "ಮೂರು ಸಲ ಬೀಳು ಅಂದಿದಾರೆ, ಅಕ್ಕಾ. ಇದು ಮೊದಲನೇದು. ಸ್ವಲ್ಪ ಕಾಲಾದ್ರೂ ಎತ್ತಿ, ನೋಡ್ತಿದಾರೆ."

ಗೋಡೆಯ ಮೇಲೆ ನೀಲಿ ಸೊನ್ನೆ ಮೂರಾಯಿತು. ನಿಬಾಲ್ ಕ್ಯಾಪ್ಟನರ ಕಡೆ ತಿರುಗಿದಳು. ಅವರು ಕೀಲಿಮಣೆಯ ಮೇಲೆ ಬಗ್ಗಿದ್ದರು. ತಾಯಿಯ ಕಡೆ ತಿರುಗಿದಳು. ತಾಯಿ ಅಳುತ್ತಿದ್ದಳು, ಪಕ್ಕದವಳು ಅವಳ ಕೈ ಹಿಡಿದಿದ್ದಳು.

"ಇದು ಆಟ ಅಲ್ಲ," ಎಂದಳು ನಿಬಾಲ್. ಜೋರಾಗಿಯೇ ಅಂದಳು. "ನಾನು ಒದ್ದಿಲ್ಲ."

ಚಪ್ಪಾಳೆಯಲ್ಲಿ ಅದು ರೆಫರಿಗೂ ಕೇಳಿಸಲಿಲ್ಲ. ಅವನು ಮತ್ತೆ ಕೈ ಬೀಸಿದ.

ಅವಳು ನಿಂತಲ್ಲೇ ನಿಂತಳು. ಕಾಲು ಎತ್ತುವುದಿಲ್ಲ, ಕೈ ಎತ್ತುವುದಿಲ್ಲ; ಎತ್ತದಿದ್ದರೆ ಯಾರಿಗಾದರೂ ಗೊತ್ತಾಗಲೇಬೇಕು. ಲಮಾರ್ ಅವಳ ಸುತ್ತ ಕುಪ್ಪಳಿಸಿ, ಗಾಳಿಗೆ ನಾಲ್ಕು ಒದ್ದು, ತಲೆ ಹಿಂದಕ್ಕೆ ಎಸೆದು ಎರಡನೆಯ ಸಲ ಬಿದ್ದಳು. ಬಹಳ ಚೆನ್ನಾಗಿ ಬಿದ್ದಳು. ಮೂರು ಆರಾಯಿತು, ಆರು ಒಂಬತ್ತಾಯಿತು, ಒಂಬತ್ತು ಹನ್ನೆರಡಾಯಿತು. ಜನ ಎದ್ದು ನಿಂತು ನಿಬಾಲಳ ಹೆಸರು ಕೂಗತೊಡಗಿದರು. ಅವಳು ಚಾಪೆಯ ನಡುವೆ ಎರಡೂ ಪಾದ ಊರಿ, ಕೈ ಇಳಿಬಿಟ್ಟು ನಿಂತೇ ಇದ್ದಳು. ಗೋಡೆಯ ಮೇಲೆ ನೀಲಿ ಅಂಕಿ ಏರುತ್ತಲೇ ಇತ್ತು.

ಮೂರನೆಯ ಸಲ ಬೀಳುವಾಗ ಲಮಾರ್ ಅವಳ ಹತ್ತಿರವೂ ಇರಲಿಲ್ಲ. ಚಾಪೆಯ ಆಚೆಯ ಅಂಚಿನಲ್ಲಿ, ಒಬ್ಬಳೇ, ಯಾರ ಕಡೆಗೂ ನೋಡದೆ, ಮೊದಲು ಮೊಣಕಾಲೂರಿ, ಆಮೇಲೆ ಕೈ ಊರಿ, ಜಾಗ ಸರಿಮಾಡಿಕೊಂಡು ಮಲಗಿದಳು.